ಹಡಗಿನಿಂದ ಇಳಿದು ನಡೆದವರು



ಭೂಸನೂರಿನ ಶಾಲೆಯಲ್ಲಿ ನನ್ನ ಬಳಿ ಭೂಪಟ ಓದಲು ಕಲಿತ ಶಿಷ್ಯನೊಬ್ಬ ಈಗ ಹೊರದೇಶದಲ್ಲಿ ಉದ್ಯೋಗದಲ್ಲಿದ್ದಾನೆ. ಸಂಸಾರಸಮೇತನಾಗಿ ಪ್ರವಾಸಿ ಹಡಗೊಂದರಲ್ಲಿ ಪಶ್ಚಿಮ ಕರಾವಳಿಯನ್ನು ನೋಡಲು ಹೊರಟವನು ದೂರವಾಣಿಯಲ್ಲಿ ಕೇಳಿದ: "ಸರ, ಹಡಗ ಮಂಗಳೂರಾಗ ಎಂಟ ತಾಸು ನಿಂದರ್ತದ್ರಿ. ಅವರ ಬಸ್ಸಿನ್ಯಾಗ ಹೋಗೂದ ಬ್ಯಾಡ ಅಂತ ಮಾಡೀವ್ರಿ. ನಡ್ಕೋತ ಏನೇನ ನೋಡಬಹುದ್ರಿ?" ಅವನಿಗೆ ಆಗ ಹೇಳಿದ್ದು ನಾಲ್ಕು ಮಾತು. ಹೇಳಬೇಕಾದದ್ದು ಅದಕ್ಕಿಂತ ಹೆಚ್ಚಿದೆಯೆಂದು ತೋರಿದ್ದರಿಂದ ಈ ಬರಹ.

ಸಮುದ್ರವನ್ನೇ ಕಾಣದ ಸೀಮೆಯವರು ನಾವು. ಕಪ್ಪು ನೆಲ, ತೊಗರಿ, ಜೋಳ, ಕಬ್ಬು ಇವು ನಮ್ಮ ಲೋಕ. ಬಂದರು ಎಂಬುದು ನಮಗೆ ಪಠ್ಯಪುಸ್ತಕದ ಭೂಪಟದಲ್ಲಿ ಲಂಗರಿನ ಗುರುತಾಗಿತ್ತು, ಅಷ್ಟೇ. ಆದರೆ ಹಡಗಿನಿಂದ ಇಳಿದು ನಡೆದುಬಂದವನೊಬ್ಬನ ಹೆಜ್ಜೆ ಐದೂವರೆ ಶತಮಾನಗಳ ಹಿಂದೆ ನಮ್ಮ ತಾಲ್ಲೂಕಿನ ನೆಲದ ಮೇಲೂ ಬಿದ್ದಿದೆ. ಆ ಕಥೆಯಿಂದಲೇ ತೊಡಗುವುದು ಉಚಿತ.

ಆಳಂದದ ಗೂಗೆ

ರಷ್ಯಾದ ತ್ವೇರ್ ನಗರದ ವ್ಯಾಪಾರಿ ಅಫನಾಸಿ ನಿಕಿತಿನ್ 1470ರ ಸುಮಾರಿಗೆ, ಅಂದರೆ ವಾಸ್ಕೋ ಡ ಗಾಮನು ಕಲ್ಲಿಕೋಟೆಗೆ ಬರುವುದಕ್ಕೆ ಕಾಲು ಶತಮಾನಕ್ಕೂ ಮುಂಚೆ, ಹೊರ್ಮುಜ್‌ನಿಂದ ಹಡಗು ಹತ್ತಿ ಕೊಂಕಣ ತೀರದ ಚೌಲ್ ಬಂದರಿನಲ್ಲಿ ಇಳಿದ. ಜೊತೆಗೆ ಮಾರಾಟಕ್ಕೆಂದು ತಂದ ಒಂದು ಗಂಡು ಕುದುರೆ. ದಖನ್ನಿನಲ್ಲಿ ಒಳ್ಳೆಯ ಕುದುರೆ ಹುಟ್ಟುವುದಿಲ್ಲ, ಸಮುದ್ರದಾಚೆಯಿಂದ ಬರುವ ಕುದುರೆಗೆ ಬೆಲೆಯುಂಟು ಎಂದು ಅವನು ಕೇಳಿದ್ದ. ಚೌಲ್‌ನಿಂದ ಪಾಲಿಗೆ 8 ದಿನ, ಅಲ್ಲಿಂದ ಉಮ್ರಿಗೆ 10 ದಿನ, ಉಮ್ರಿಯಿಂದ ಜುನ್ನರಕ್ಕೆ 7 ದಿನ ಎಂದು ದಾರಿಯನ್ನು ದಿನಗಳಲ್ಲಿ ಅಳೆದು ಬರೆದಿಟ್ಟಿದ್ದಾನೆ. ಬಿಳಿಯ ಮೈಬಣ್ಣದ ತನ್ನನ್ನು ಕಂಡು ಬೆರಗಾಗಿ ಜನ ಹಿಂದೆ ಹಿಂದೆ ಬರುತ್ತಿದ್ದರೆಂದೂ ಬರೆದಿದ್ದಾನೆ. ನಾಲ್ಕು ತಿಂಗಳ ಮಳೆ, ಕೆಸರು, ಕುದುರೆಗೆ ತಿನ್ನಿಸುವ ಕಡಲೆ ಮತ್ತು ಖಿಚಡಿ, ಬೀದರಿನ ಸುಲ್ತಾನನ ಮೆರವಣಿಗೆ ಯಾವುದೂ ಅವನ ಕಣ್ಣು ತಪ್ಪಲಿಲ್ಲ.

ಅದು ಬಹಮನಿ ರಾಜ್ಯದ ಕಾಲ. ಆಡಳಿತದ ಚುಕ್ಕಾಣಿ ಮಹಮೂದ್ ಗವಾನನ ಕೈಯಲ್ಲಿತ್ತು. ಆ ಗವಾನನೂ ವ್ಯಾಪಾರಿಯಾಗಿ ದಾಭೋಳ ಬಂದರಿಗೆ ಹಡಗಿನಲ್ಲಿ ಬಂದಿಳಿದು ಬೀದರಿಗೆ ಸೇರಿದವನೇ. ನಮ್ಮ ಒಳನಾಡಿನ ರಾಜಧಾನಿಗಳು ಎಷ್ಟರಮಟ್ಟಿಗೆ ಕಡಲಿಗೆ ಕಿವಿಗೊಟ್ಟಿದ್ದವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ನಿಕಿತಿನ್ ಬರೆದಿರುವ ಒಂದು ಜಾತ್ರೆಯ ವರ್ಣನೆ ನಮಗೆ ಮುಖ್ಯ. ಶೇಖ್ ಅಲಾವುದ್ದೀನರ ಸ್ಮರಣಾರ್ಥ ವರ್ಷಕ್ಕೊಮ್ಮೆ ಕೂಡುವ, ಹತ್ತು ದಿನ ನಡೆಯುವ, ದೇಶದ ನಾನಾ ಕಡೆಯ ವ್ಯಾಪಾರಿಗಳು ನೆರೆಯುವ, ಇಪ್ಪತ್ತು ಸಾವಿರದವರೆಗೂ ಕುದುರೆಗಳು ಮಾರಾಟಕ್ಕೆ ಬರುವ ಜಾತ್ರೆ ಅದು. ಆ ಊರನ್ನು ವಿದ್ವಾಂಸರು ನಮ್ಮ ಆಳಂದವೆಂದು ಗುರುತಿಸಿದ್ದಾರೆ. ನಾವೆಲ್ಲ ಲಾಡ್ಲೆ ಮಶಾಕರೆಂದು ಕರೆಯುವ ಸೂಫಿ ಸಂತರ ಹೆಸರು ಅಲಾವುದ್ದೀನ್ ಅನ್ಸಾರಿ. ನೀವು ಉರುಸಿನಲ್ಲಿ ಬತ್ತಾಸು ಕೊಂಡು ತಿಂದ ಅದೇ ಊರು ಆ ಕಾಲಕ್ಕೆ ಅರಬಿ ಸಮುದ್ರದ ಕುದುರೆ ವ್ಯಾಪಾರದ ಒಳನಾಡಿನ ತುದಿಯಾಗಿತ್ತು. ತಾಯ್ನಾಡಿಗೆ ಮರಳಲು ದಾಭೋಳ ಬಂದರಿನ ದಾರಿ ಹಿಡಿದಾಗಲೂ ನಿಕಿತಿನ್ ಆಳಂದದ ಮೇಲಿಂದಲೇ ಹಾದು ಹೋದ. ಊರು ಮುಟ್ಟುವ ಭಾಗ್ಯ ಅವನಿಗಿರಲಿಲ್ಲ. ಸ್ಮೋಲೆನ್ಸ್ಕ್ ತಲುಪುವ ಮೊದಲೇ ತೀರಿಕೊಂಡ. ಅವನ ಟಿಪ್ಪಣಿಗಳು ಮಾತ್ರ 1475ರಲ್ಲಿ ಮಾಸ್ಕೋ ಸೇರಿದವು. 1957ರಲ್ಲಿ ತೆರೆಕಂಡ 'ಪರದೇಸಿ' ಎಂಬ ಹಿಂದಿ ಚಿತ್ರವನ್ನು ಹಿರಿಯರು ಯಾರಾದರೂ ನೋಡಿದ್ದರೆ, ಅದು ಇವನದೇ ಕಥೆ.

ಆಳಂದದ ಬಗೆಗೆ ಅವನು ಇನ್ನೊಂದು ಸಂಗತಿಯನ್ನು ಬರೆದಿದ್ದಾನೆ. ಆ ಊರಿನಲ್ಲಿ 'ಗುಕುಕ್' ಎಂಬ ಹಕ್ಕಿಯಿದೆ, ಅದು ರಾತ್ರಿ ಹಾರಾಡುತ್ತದೆ, ಯಾರ ಮನೆಯ ಮೇಲೆ ಕೂರುತ್ತದೆಯೋ ಆ ಮನೆಯಲ್ಲಿ ಸಾವು ಸಂಭವಿಸುತ್ತದೆ, ಅದನ್ನು ಕೊಲ್ಲಹೋದರೆ ಬಾಯಿಂದ ಬೆಂಕಿ ಬರುತ್ತದೆ ಎಂದು. ಇದನ್ನು ಮೊದಲ ಸಲ ಓದಿದಾಗ ನನಗೆ ರೋಮಾಂಚವಾಯಿತು. ಅದು ನಮ್ಮ ಗೂಗೆಯಲ್ಲದೆ ಮತ್ತೇನು! ಮನೆಯ ಮೇಲೆ ಗೂಗೆ ಕೂತರೆ ಅಪಶಕುನವೆಂದು ನಮ್ಮ ಅಜ್ಜಿಯರು ಇಂದಿಗೂ ಹೇಳುತ್ತಾರೆ. ಕುದುರೆಗಳ ಸಂಖ್ಯೆಯನ್ನು ದೂರದಲ್ಲಿ ಕೂತ ಲೆಕ್ಕದವನೂ ಬರೆಯಬಲ್ಲ. ಗೂಗೆಯ ಕೂಗೂ ಅದರ ಬಗೆಗಿನ ಜನರ ಅಂಜಿಕೆಯೂ ದಕ್ಕುವುದು ದಾರಿ ನಡೆದು, ಊರಿನಲ್ಲಿ ರಾತ್ರಿ ತಂಗಿ, ಜಗಲಿಯ ಮೇಲೆ ಕೂತವರೊಡನೆ ಮಾತಾಡಿದವನಿಗೆ ಮಾತ್ರ.

ಕರಾವಳಿಯ ನೆರಳಿನ ದಾರಿ

ನಿಕಿತಿನ್ ಮಂಗಳೂರಿಗೆ ಹೋದವನಲ್ಲ. ಮಂಗಳೂರನ್ನು ಕಂಡು ಬರೆದವನು ಅವನಿಗಿಂತ ಒಂದು ಶತಮಾನಕ್ಕೂ ಹಿಂದಿನ ಮೊರಾಕ್ಕೊ ದೇಶದ ಇಬ್ನ್ ಬತೂತ. 1340ರ ದಶಕದ ಆರಂಭದಲ್ಲಿ ಅವನು ಗೋವೆಯಿಂದ ಕೊಲ್ಲಂವರೆಗಿನ ಕರಾವಳಿಯನ್ನು ಕಂಡ. ಅಲ್ಲಿನ ದಾರಿಯ ವಿಷಯವಾಗಿ ಅವನು ಹೇಳುವ ಮಾತು ಕೇಳಿ. ಎರಡು ತಿಂಗಳ ಆ ದಾರಿಯುದ್ದಕ್ಕೂ ಮರದ ನೆರಳು; ಪ್ರತಿ ಅರ್ಧ ಮೈಲಿಗೆ ದಾರಿಹೋಕರು ಕೂರಲು ಜಗಲಿಯುಳ್ಳ ಮರದ ಮನೆ; ಪ್ರತಿ ಮನೆಯ ಬಳಿ ಬಾವಿ, ನೀರು ಕೊಡಲು ಒಬ್ಬ ಮನುಷ್ಯ. ಸವಾರಿಯ ಪ್ರಾಣಿಗಳ ಮೇಲೆ ಅಲ್ಲಿ ಯಾರೂ ಪ್ರಯಾಣ ಮಾಡುತ್ತಿರಲಿಲ್ಲ. ಕುದುರೆ ಇದ್ದದ್ದು ಅರಸನಿಗೆ ಮಾತ್ರ. ಉಳಿದವರಿಗೆ ಒಂದೋ ಪಲ್ಲಕ್ಕಿ, ಇಲ್ಲವೇ ಸ್ವಂತ ಕಾಲು.

ಅವನು 'ಮಂಜರೂರು' ಎಂದು ಬರೆದ ಊರೇ ಮಂಗಳೂರು. ದೊಡ್ಡ ಅಳಿವೆಯ ದಡದ ಊರು, ಪರ್ಷಿಯಾ ಮತ್ತು ಯೆಮೆನ್ ದೇಶಗಳ ವ್ಯಾಪಾರಿಗಳು ಇಳಿಯುವ ತಾಣ, ಮೆಣಸು ಶುಂಠಿಗಳು ಹೇರಳ, ಊರ ಪಕ್ಕದ ಕೇರಿಯಲ್ಲಿ ಸುಮಾರು ನಾಲ್ಕು ಸಾವಿರ ಮುಸಲ್ಮಾನರ ವಾಸ ಎಂದು ಅವನ ವಿವರ.

ಬತೂತನಿಗೂ ಎರಡು ಶತಮಾನ ಮುಂಚೆ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವ್ಯಾಪಾರಿ ಮಂಗಳೂರಿನಲ್ಲಿ ಸುಮಾರು ಹದಿನೇಳು ವರ್ಷ ಬಾಳಿದ್ದ. ಉತ್ತರ ಆಫ್ರಿಕಾದ ತುನೀಸಿಯದವನು. ಮೆಣಸು, ಅಡಕೆ, ಕಬ್ಬಿಣ ಅವನ ಸರಕು. ಹಳೆಯ ಪಾತ್ರೆಗಳನ್ನು ಕರಗಿಸಿ ಹೊಸದು ಮಾಡುವ ಕಂಚಿನ ಕೆಲಸವನ್ನೂ ನಡೆಸುತ್ತಿದ್ದ. ಏಡನ್ನಿನ ಗೆಳೆಯರು ಅವನಿಗೆ ಬರೆಯಲು ಕಾಗದ ಕಳಿಸುತ್ತಿದ್ದರು. ಆ ಪತ್ರಗಳು ಕೈರೋ ನಗರದ ಸಿನಗಾಗಿನ ಹಳೆಯ ಕಾಗದಗಳ ಕೋಣೆಯಲ್ಲಿ ಉಳಿದುಬಂದವು. 1132ರಲ್ಲಿ ಅವನು ಅಶು ಎಂಬ ತುಳುನಾಡಿನ ದಾಸಿಯನ್ನು ದಾಸ್ಯದಿಂದ ಬಿಡುಗಡೆಗೊಳಿಸಿದ ಪತ್ರವೂ ಉಳಿದಿದೆ. ಅವಳೇ ಅವನ ಮಕ್ಕಳ ತಾಯಿಯಾದಳೆಂದು ವಿದ್ವಾಂಸರು ತಿಳಿಯುತ್ತಾರೆ. ಬೊಮ್ಮ ಎಂಬ ಆಳು ಅವನ ಪರವಾಗಿ ಏಡನ್ನಿಗೆ ಹಡಗಿನಲ್ಲಿ ಹೋಗಿಬರುತ್ತಿದ್ದ. ಅಮಿತಾವ್ ಘೋಷರು 1992ರಲ್ಲಿ ಪ್ರಕಟಿಸಿದ 'ಇನ್ ಆ್ಯನ್ ಆಂಟೀಕ್ ಲ್ಯಾಂಡ್' ಕೃತಿ ಈ ಬೊಮ್ಮನನ್ನೇ ಅರಸಿ ಹೊರಟದ್ದು. ಅರಸರ ಹೆಸರಿಗೆ ಶಾಸನಗಳಿವೆ. ಅಶುವಿಗೂ ಬೊಮ್ಮನಿಗೂ ಇರುವ ಸ್ಮಾರಕ ಆ ಕೆಲವು ಹಾಳೆಗಳೇ.

ಬಂದರು ಊರನ್ನು ಬಿಟ್ಟು ಹೋದ ಬಗೆ

ಇವರೆಲ್ಲ ಇಳಿದದ್ದು ನೇತ್ರಾವತಿ, ಫಲ್ಗುಣಿ ನದಿಗಳು ಕೂಡುವ ಅಳಿವೆಯ ಹಳೆಯ ಬಂದರಿನಲ್ಲಿ. ಹಡಗು ಬಿಟ್ಟವನ ಮೊದಲ ಹೆಜ್ಜೆಯೇ ಊರೊಳಗೆ ಬೀಳುತ್ತಿತ್ತು. ಆದರೆ ಅಳಿವೆಯ ಬಾಯಿಗೆ ಮರಳಿನ ದಿಬ್ಬ ಅಡ್ಡ; ಹಡಗುಗಳು ದೊಡ್ಡವಾದಂತೆ ಅವು ದೂರದಲ್ಲಿ ಲಂಗರು ಹಾಕಿ ನಿಲ್ಲುವುದು, ಸರಕನ್ನು ದೋಣಿಗಳಲ್ಲಿ ದಡಕ್ಕೆ ತರುವುದು ಅನಿವಾರ್ಯವಾಯಿತು. ಆದ್ದರಿಂದ ಊರಿನ ಉತ್ತರಕ್ಕೆ ಸುಮಾರು ಹತ್ತು ಕಿ.ಮೀ. ದೂರದ ಪಣಂಬೂರಿನಲ್ಲಿ ನೆಲವನ್ನು ಅಗೆದು ಕೃತಕವಾದ ನವಮಂಗಳೂರು ಬಂದರನ್ನು ನಿರ್ಮಿಸಿದರು. 1974ರಲ್ಲಿ ಅದನ್ನು ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿಸಲಾಯಿತು. 1975ರ ಜನವರಿ 11ರಂದು ಅಂದಿನ ಪ್ರಧಾನಿ ಇಂದಿರಾ ಗಾಂಧಿಯವರು ಉದ್ಘಾಟಿಸಿದರು.

ಮಳೆಗಾಲ ಮುಗಿದ ಮೇಲೆ ಬರುವ ಪ್ರವಾಸಿ ಹಡಗುಗಳು ನಿಲ್ಲುವುದೂ ಪಣಂಬೂರಿನಲ್ಲೇ. ಅದು ಭದ್ರತಾ ವಲಯವಾದ್ದರಿಂದ ಒಳಗೆ ಮನಸ್ಸಿಗೆ ಬಂದಂತೆ ನಡೆದಾಡುವಂತಿಲ್ಲ. ಬಸ್ಸುಗಳು ಕಾದಿರುತ್ತವೆ. ಕದ್ರಿ, ಕುದ್ರೋಳಿ, ಗೇರುಬೀಜದ ಕಾರ್ಖಾನೆ, ಮೂಡುಬಿದಿರೆಯ ಸಾವಿರ ಕಂಬದ ಬಸದಿ ಇವನ್ನು ತೋರಿಸಿ ಸಂಜೆಗೆ ಮರಳಿ ತಂದು ಬಿಡುತ್ತವೆ. ಇವೆಲ್ಲ ನೋಡತಕ್ಕವೇ. ಆದರೂ ಒಂದು ವಿಪರೀತವನ್ನು ಗಮನಿಸಿ. ಸಮುದ್ರದ ಮೂಲಕ ಬಂದವನು ಸಮುದ್ರ ಕಟ್ಟಿದ ಊರನ್ನೇ ನೋಡದೆ ಹೋಗುತ್ತಾನೆ. ಒಂದೊಂದು ತಾಣವೂ ಬಿಡಿ ಮಣಿಯಾಗಿ ಕಾಣುತ್ತದೆ. ಅವನ್ನು ಪೋಣಿಸಿದ ದಾರ, ಎಂದರೆ ನೀರಿನಿಂದ ಗುಡ್ಡಕ್ಕೆ ಏರುವ ಹಳೆಯ ಬೀದಿ, ಬಸ್ಸಿನ ಕಿಟಕಿಗೆ ಸಿಗುವುದಿಲ್ಲ.

ನೀರಿನಿಂದ ಗುಡ್ಡಕ್ಕೆ

ನಿವೃತ್ತಿಯ ನಂತರ ನಾನು ಈ ದಾರಿಯನ್ನು ಎರಡು ಸಲ ನಡೆದಿದ್ದೇನೆ. ಹೆಚ್ಚೆಂದರೆ ಐದಾರು ಕಿ.ಮೀ.; ನಿಂತು ನೋಡುತ್ತ ನಡೆದರೆ ಅರ್ಧ ದಿನ. ಪಣಂಬೂರಿನ ಗೇಟಿನಿಂದ ವಾಹನದಲ್ಲಿ ನೇರವಾಗಿ ಹಳೆಯ ಬಂದರಿಗೆ ಬನ್ನಿ, ಕದ್ರಿಗೆ ಹೋಗಬೇಡಿ. ಬೆಳಿಗ್ಗೆ ಬೇಗ ಬಂದರೆ ಬಿಸಿಲೂ ಕಡಿಮೆ, ಮೀನಿನ ಧಕ್ಕೆಯ ಗದ್ದಲವೂ ಕಾಣಸಿಗುತ್ತದೆ. ಲಕ್ಷದ್ವೀಪಕ್ಕೆ ಸರಕು ಒಯ್ಯುವ ಹಡಗುಗಳು ಇಲ್ಲಿಂದ ಹೋಗುತ್ತವೆ. ಬೆಂಗರೆಯ ಮರಳ ದಂಡೆ ನದಿಯಾಚೆಗೆ ಕಾಣುತ್ತದೆ, ಅದರ ಬೆನ್ನಿಗೆ ಸಮುದ್ರ.

ಬಂದರಿನ ಗಲ್ಲಿಗಳಲ್ಲಿ ಒಣಮೀನು, ಮೆಣಸು, ಬೆಲ್ಲ, ಹಗ್ಗ ಇವುಗಳ ವಾಸನೆ ಒಂದರೊಳಗೊಂದು ಬೆರೆತಿರುತ್ತದೆ. ಹತ್ತು ಹೆಜ್ಜೆಗೊಮ್ಮೆ ಭಾಷೆ ಬದಲಾಗುತ್ತದೆ: ತುಳು, ಬ್ಯಾರಿ, ಕೊಂಕಣಿ, ಕನ್ನಡ. ಒಂದು ದಿನಸಿ ಅಂಗಡಿಯ ಮುಂದೆ ಹಮಾಲರು ಇಳಿಸುತ್ತಿದ್ದ ಚೀಲಗಳ ಮೇಲೆ ಗುಲಬರ್ಗಾ ತೊಗರಿ ಎಂದಿತ್ತು. ಎಲ್ಲಿಂದ ಬಂದಿರಿ ಎಂದು ಅಂಗಡಿಯವರು ಕೇಳಿದರು. ಆ ಚೀಲ ಬಂದ ಕಡೆಯಿಂದಲೇ ಎಂದೆ. ನಕ್ಕು ಕೂರಲು ಸ್ಟೂಲು ಕೊಟ್ಟರು.

ಸಮೀಪದಲ್ಲೇ ಝೀನತ್ ಬಕ್ಷ್ ಮಸೀದಿ. ಕ್ರಿ.ಶ. 644ರಲ್ಲಿ ಅರಬ್ ದೇಶದಿಂದ ಬಂದ ಮಾಲಿಕ್ ದಿನಾರರ ಸಂಗಡಿಗರು ಕಟ್ಟಿದರೆಂಬುದು ಪರಂಪರೆಯ ನಂಬಿಕೆ. ಒಳಗಿನ ಮರದ ಕಂಬಗಳ ಕೆತ್ತನೆ ಕರಾವಳಿಯ ದೇಗುಲಗಳ ಬಡಗಿ ಕೆಲಸವನ್ನೇ ನೆನಪಿಗೆ ತರುತ್ತದೆ. ಧರ್ಮ ಹಡಗಿನಲ್ಲಿ ಬಂದಿತು, ಅದಕ್ಕೆ ಸೂರು ಕಟ್ಟಿದ ಕೈ ಇಲ್ಲಿನದು. ಅನುಮತಿ ಕೇಳಿ, ನಮಾಜಿನ ಹೊತ್ತು ತಪ್ಪಿಸಿ ಹೋಗಬೇಕು.

ಅಲ್ಲಿಂದ ರಥಬೀದಿ. ವೆಂಕಟರಮಣ ದೇವಸ್ಥಾನ, 'ಕೊಡಿಯಾಲ್ ತೇರು', ಮಲ್ಲಿಗೆಯ ಅಂಗಡಿಗಳು. ಈ ಗೌಡ ಸಾರಸ್ವತರ ಪೂರ್ವಿಕರು ಗೋವೆಯಿಂದ ಬಂದವರು. ದಕ್ಷಿಣಕ್ಕೆ ಸ್ವಲ್ಪ ದೂರ ನಡೆದರೆ 1568ರಲ್ಲಿ ಪೋರ್ಚುಗೀಸರು ಸ್ಥಾಪಿಸಿದ ರೊಸಾರಿಯೊ ಇಗರ್ಜಿ. ಅಲ್ಲಿಯ ಕ್ರೈಸ್ತರಲ್ಲಿಯೂ ಬಹುಮಂದಿಯ ಹಿರಿಯರು ಗೋವೆಯಿಂದ ಬಂದವರೇ. ತೇರಿನ ಬೀದಿಯಲ್ಲೂ ಇಗರ್ಜಿಯ ಅಂಗಳದಲ್ಲೂ ಕಿವಿಗೆ ಬೀಳುವುದು ಒಂದೇ ಕೊಂಕಣಿ. ಇದನ್ನು ಪುಸ್ತಕದಲ್ಲಿ ಓದಬಹುದು. ಒಂದೇ ಗಂಟೆಯೊಳಗೆ ಎರಡೂ ಕಡೆ ಕಿವಿಯಾರೆ ಕೇಳುವುದು ನಡೆದವನಿಗೆ ಸಾಧ್ಯ.

ಊರಿನ ಗಾಯಗಳೂ ಇದೇ ದಾರಿಯ ಮೇಲಿವೆ. 1784ರ ಮಾರ್ಚ್ 11ರಂದು ಟಿಪ್ಪು ಸುಲ್ತಾನ ಮತ್ತು ಆಂಗ್ಲರ ನಡುವೆ ಮಂಗಳೂರು ಒಪ್ಪಂದವಾಯಿತು. ಅದೇ ವರ್ಷ ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ದಾರಿಯಲ್ಲಿ ಸತ್ತವರು ಹಲವರು. 1680ರಲ್ಲಿ ಸ್ಥಾಪನೆಗೊಂಡಿದ್ದ ಮಿಲಾಗ್ರಿಸ್ ಇಗರ್ಜಿ ಆಗ ನೆಲಸಮವಾಗಿ, ಮುಂದೆ ಮತ್ತೆ ಎದ್ದಿತು. ಬೋಳೂರಿನ ಫಲ್ಗುಣಿ ದಡದಲ್ಲಿ ಶತ್ರುಗಳ ಹಡಗನ್ನು ಕಾಯಲು ಟಿಪ್ಪು ಕಟ್ಟಿಸಿದ ಕಪ್ಪು ಕಲ್ಲಿನ ಸುಲ್ತಾನ್ ಬತ್ತೇರಿಯೂ ಆ ಕಾಲದ್ದೇ. ನಡೆಯುವವನು ಎರಡನ್ನೂ ನೋಡಬೇಕು. ಒಂದನ್ನು ನೋಡಿ ಇನ್ನೊಂದಕ್ಕೆ ಬೆನ್ನು ತಿರುಗಿಸುವವನು ಇತಿಹಾಸದ ವಿದ್ಯಾರ್ಥಿಯಲ್ಲ.

ಮುಂದೆ ಹಂಪನಕಟ್ಟೆ. ದಾರಿಹೋಕರಿಗೆ ನೀರು ಕೊಡುತ್ತಿದ್ದ ಅಪ್ಪಣ್ಣ ಎಂಬ ಮುದುಕನ ಕಟ್ಟೆಯೇ ಹಂಪನಕಟ್ಟೆಯಾಯಿತೆಂದು ಊರವರು ಹೇಳುತ್ತಾರೆ. ಬತೂತ ಕಂಡ ಬಾವಿಯ ಬಳಿಯ ಮನುಷ್ಯನನ್ನು ಇಲ್ಲಿ ನೆನೆಯದಿರಲು ಆಗುವುದಿಲ್ಲ. ಇತ್ತೀಚೆಗೆ ರಸ್ತೆಯ ಕೆಲಸಕ್ಕೆ ಅಗೆದಾಗ ಹಳೆಯ ಬಾವಿಯೊಂದು ಇಲ್ಲಿಯೇ ಬೆಳಕಿಗೆ ಬಂದಿತು.

ಇಲ್ಲಿಂದ ಏರು. ಬಾವುಟಗುಡ್ಡ ಹತ್ತುವಾಗ ಮೊಣಕಾಲು ನೋಯುತ್ತದೆ. ಆ ನೋವೇ ಪಾಠ. ದೀಪಸ್ತಂಭ ಇಲ್ಲಿಯೇ ಏಕಿತ್ತು, 1837ರ ಏಪ್ರಿಲ್ 5ರಂದು ಅಮರ ಸುಳ್ಯದ ರೈತ ಬಂಡಾಯಗಾರರು ಮಂಗಳೂರನ್ನು ವಶಪಡಿಸಿಕೊಂಡು ತಮ್ಮ ಬಾವುಟವನ್ನು ಇಲ್ಲಿಯೇ ಏಕೆ ಏರಿಸಿದರು ಎಂಬುದು ಮೇಲೆ ನಿಂತು ಪಶ್ಚಿಮಕ್ಕೆ ನೋಡಿದರೆ ತಾನಾಗಿ ತಿಳಿಯುತ್ತದೆ. ಊರಿಗೂ ಕಡಲಿಗೂ ಒಟ್ಟಿಗೆ ಕಾಣುವ ಜಾಗ ಅದು. ಹದಿಮೂರು ದಿನ ಆ ಬಾವುಟ ಹಾರಿತು. ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ 2022ರಲ್ಲಿ ಇಲ್ಲಿ ಅನಾವರಣಗೊಂಡಿದೆ. ಪಕ್ಕದ ಸಂತ ಅಲೋಶಿಯಸ್ ಚಾಪೆಲ್‌ನ ಗೋಡೆ, ಛಾವಣಿಗಳನ್ನು ಇಟಲಿಯ ಅಂತೋನಿಯೊ ಮೊಸ್ಕೇನಿ 1899ರಿಂದ ಸುಮಾರು ಎರಡು ವರ್ಷ ದುಡಿದು ಚಿತ್ರಗಳಿಂದ ತುಂಬಿದ.

ಬಲ್ಮಠ ಮುಂದಿನ ನಿಲ್ದಾಣ. ಕನ್ನಡ ಕಲಿಸಿದ ನನಗೆ ಇದು ಪುಣ್ಯಸ್ಥಳ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು 1841ರಲ್ಲಿ ಮುದ್ರಣಾಲಯ ತೆರೆದರು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದರು. ಕನ್ನಡದ ಮೊದಲ ಪತ್ರಿಕೆ ಅದು. ಸುಮಾರು ಎಪ್ಪತ್ತು ಸಾವಿರ ಪದಗಳ ಕಿಟ್ಟೆಲ್ ನಿಘಂಟು 1894ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ಅದೇ ಮಿಶನ್ನಿನ ಪ್ಲೆಬ್ಸ್ಟ್ 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ. ನದಿಯ ಜೇಡಿಮಣ್ಣು ದೋಣಿಯಲ್ಲಿ ಬರುತ್ತಿತ್ತು, ಸುಟ್ಟ ಹೆಂಚು ಜಲಮಾರ್ಗವಾಗಿ ದೂರದೇಶಗಳಿಗೆ ಹೋಗುತ್ತಿತ್ತು. ವರ್ಷಕ್ಕೆ ಏಳೆಂಟು ನೂರು ಮಿ.ಮೀ. ಮಳೆಯ ನಮ್ಮಲ್ಲಿ ಮಣ್ಣಿನ ಮಾಳಿಗೆ ಸಾಕು. ಮೂರೂವರೆ ಸಾವಿರ ಮಿ.ಮೀ. ಸುರಿಯುವಲ್ಲಿ ಇಳಿಜಾರಿನ ಹೆಂಚು ಬೇಕು. ಆ ಕಾರ್ಖಾನೆಗಳಲ್ಲಿ ಹೆಚ್ಚಿನವು ಈಗ ಮುಚ್ಚಿವೆ. ಹೆಂಚಿನ ಮನೆಗಳೂ ಒಂದೊಂದಾಗಿ ಇಳಿಯುತ್ತಿವೆ, ನೋಡುವವರು ತಡಮಾಡಬಾರದು.

ಕೊನೆಗೆ ಕದ್ರಿ. ಮಂಜುನಾಥ ದೇವಾಲಯದಲ್ಲಿರುವ ಲೋಕೇಶ್ವರನ ಕಂಚಿನ ಪ್ರತಿಮೆಯ ಪೀಠದಲ್ಲಿ 968ರ ಶಾಸನವಿದೆ. ಆಳುಪ ಅರಸ ಕುಂದವರ್ಮ ಅದನ್ನು ಕದರಿಕಾ ವಿಹಾರದಲ್ಲಿ ಪ್ರತಿಷ್ಠಾಪಿಸಿದನೆಂದು ಅದು ಹೇಳುತ್ತದೆ. ವಿಹಾರವೆಂದರೆ ಬೌದ್ಧರ ನೆಲೆ. ಅನಂತರ ನಾಥಪಂಥ, ಇಂದು ಶಿವಾಲಯ. ದೇವಾಲಯದ ಹಿಂದೆ ಮೆಟ್ಟಿಲೇರಿದರೆ ಕೆರೆಗಳು, ಗುಡ್ಡದ ಕಾಲುದಾರಿ, ಜೋಗಿ ಮಠ. ಸಾವಿರ ವರ್ಷದಿಂದ ನಡೆದುಬಂದ ಜೋಗಿಗಳ ದಾರಿ ಅದು. ಅಲ್ಲಿ ಮುರಕಲ್ಲಿನ ಮೆಟ್ಟಿಲ ಮೇಲೆ ಕೂತು ಉಸಿರು ತೆಗೆದುಕೊಳ್ಳಿ. ಹಡಗು ಹೊರಡುವ ಹೊತ್ತಿಗೆ ಒಂದೆರಡು ತಾಸು ಮುಂಚೆಯೇ ಪಣಂಬೂರು ಸೇರುವಂತೆ ಅಲ್ಲಿಂದ ವಾಹನ ಹಿಡಿಯಿರಿ.

ಯಾವ ಬಂದರಿಗೆ ಹೋದರೂ

ನಿಮ್ಮಲ್ಲಿ ಹಲವರು ನಾನು ಕಾಣದ ಬಂದರುಗಳನ್ನು ಕಾಣುವಿರಿ. ಎಲ್ಲಿಯೇ ಇಳಿಯಿರಿ, ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಹಳೆಯ ಕಾಲದ ಹಡಗು ನಿಲ್ಲುತ್ತಿದ್ದ ನೀರು ಯಾವುದು? ಅದನ್ನು ಕಾಯುತ್ತಿದ್ದ ಎತ್ತರ ಯಾವುದು? ಇವೆರಡರ ನಡುವೆ ಹೊರೆ ಹೊತ್ತವರು ನಡೆದ ಬೀದಿ ಯಾವುದು? ಈ ಮೂರು ತಿಳಿದರೆ ಊರು ತನ್ನ ಕಥೆಯನ್ನು ತಾನೇ ಹೇಳತೊಡಗುತ್ತದೆ.

ನಾಲ್ಕನೆಯ ಪ್ರಶ್ನೆಯೊಂದಿದೆ, ಅದು ನಮ್ಮಂಥ ಒಳನಾಡಿನವರಿಗೆ. ಈ ಬೀದಿ ಊರು ದಾಟಿದ ಮೇಲೆ ಎಲ್ಲಿಗೆ ಹೋಗುತ್ತದೆ? ಘಟ್ಟ ಹತ್ತಿ, ಹೊಳೆ ದಾಟಿ, ಅದು ಯಾವುದಾದರೊಂದು ಆಳಂದದ ಸಂತೆಗೆ ಬಂದೇ ಬರುತ್ತದೆ. ಭೂಸನೂರಿನಲ್ಲಿ ಬೆಳೆದವನು ಬಂದರಿನಲ್ಲಿ ಪರಕೀಯನಲ್ಲ. ನಮ್ಮ ತೊಗರಿ ಅಲ್ಲಿಗೆ ಹೋಗಿದೆ, ಅವರ ಕುದುರೆ ಇಲ್ಲಿಗೆ ಬಂದಿದೆ. ಇದನ್ನು ನಿಮ್ಮ ಮಕ್ಕಳಿಗೆ ಹೇಳಿ. ಸಾಧ್ಯವಾದರೆ ಅವರ ಕೈ ಹಿಡಿದು ನಡೆಸಿ ತೋರಿಸಿ. ಆಳಂದಕ್ಕೆ ಬಂದಾಗ ದರ್ಗಾದ ಸುತ್ತಿನ ಹಳೆಯ ಬೀದಿಗಳಲ್ಲೂ ಒಂದು ಸಂಜೆ ಹೀಗೆಯೇ ನಡೆಯಿರಿ. ಅಲ್ಲಿಯೂ ಹೇಳುವವರಿದ್ದಾರೆ, ಕೇಳುವವರು ನಿಲ್ಲಬೇಕು, ಅಷ್ಟೇ.

ಎಲ್ಲರಿಗೂ ಶುಭವಾಗಲಿ.